ಆಟೊಪೈಲಟ್ ಇದ್ದೂ ಇಳಿತ ತಪ್ಪುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ಬಹಳ ವರ್ಷ ಪಾಠ ಹೇಳಿದವನು ನಾನು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ರೈಲಿನಲ್ಲಿ, ಹಳೆಯ ಶಿಷ್ಯರ ಪತ್ರಗಳಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ. ಮೊದಲಿನವು ವಿಮಾನದ ಗಂಧಗಾಳಿ ಇಲ್ಲದವರಿಗೂ ತಿಳಿಯುವಂಥವು. ಮುಂದಿನವು ಕಾಕ್‌ಪಿಟ್ಟಿನ ಒಳಕ್ಕೆ ಹೋಗುತ್ತವೆ.

## ಮೊದಲ ಪ್ರಶ್ನೆಗಳು

ಈಗಿನ ವಿಮಾನ ತಾನೇ ಇಳಿಯುತ್ತದಂತಲ್ಲ, ಮತ್ತೆ ಪೈಲಟ್ ಏಕೆ ಬೇಕು?

ಇಳಿಯಬಲ್ಲದು ಎಂಬುದು ನಿಜ. ಪ್ರಯಾಣಿಕರನ್ನು ಹೊತ್ತ ಟ್ರೈಡೆಂಟ್ ವಿಮಾನವೊಂದು 1965ರ ಜೂನ್ 10ರಂದು ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ತಾನಾಗಿ ನೆಲ ಮುಟ್ಟಿತ್ತು. ಆದರೂ ಇಂದಿಗೂ ಬಹುಪಾಲು ಇಳಿತಗಳನ್ನು ಪೈಲಟ್‌ಗಳು ಕೈಯಾರೆ ಮಾಡುತ್ತಾರೆ. ಸ್ವಯಂಚಾಲಿತ ಇಳಿತಕ್ಕೆ ವಿಮಾನ, ರನ್‌ವೇಯ ಉಪಕರಣ, ಪೈಲಟ್‌ಗಳ ತರಬೇತಿ ಮೂರೂ ಅದಕ್ಕೆಂದೇ ಅರ್ಹತೆ ಪಡೆದಿರಬೇಕು, ಗಾಳಿಯೂ ಮಿತಿಯೊಳಗಿರಬೇಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಸುತ್ತ ಮಂಜು ಕವಿದಾಗ ಅದು ಬೇಕೇ ಬೇಕು.

ಆಗಲೂ ಯಾವ ರನ್‌ವೇ, ಎಷ್ಟು ಎತ್ತರ, ಎಷ್ಟು ವೇಗ, ಯಾವಾಗ ಚಕ್ರ ಇಳಿಸಬೇಕು ಎಂದು ಹೇಳುವವರು ಪೈಲಟ್‌ಗಳೇ. ವಿಮಾನವನ್ನು ತಾನಾಗಿ ನಡೆಸುವ ಯಂತ್ರವಾದ ಆಟೊಪೈಲಟ್, ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ಹೇಳಿದ್ದು ಸರಿಯೋ ಎಂದು ಮರಳಿ ಕೇಳುವುದಿಲ್ಲ. ಈ ಪುಟದಲ್ಲಿರುವ ದುರಂತಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಶುರುವಾದವು.

ಐಎಲ್‌ಎಸ್ ಎಂದರೇನು? ಮೋಡದೊಳಗಿಂದ ರನ್‌ವೇ ಹೇಗೆ ಸಿಗುತ್ತದೆ?

ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್ ಎಂಬುದರ ಮೊದಲಕ್ಷರಗಳು. ರನ್‌ವೇಯ ಬಳಿ ನೆಲದ ಮೇಲೆ ಎರಡು ರೇಡಿಯೊ ಪ್ರಸಾರಕಗಳಿರುತ್ತವೆ. ಲೋಕಲೈಜರ್ ಎಡಬಲದ ದಾರಿ ತೋರಿಸುತ್ತದೆ, ಗ್ಲೈಡ್‌ಸ್ಲೋಪ್ ಇಳಿಜಾರನ್ನು ತೋರಿಸುತ್ತದೆ. ಎರಡೂ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳನ್ನು ಬಿತ್ತರಿಸುತ್ತವೆ. ರನ್‌ವೇ ಕಡೆಗೆ ಬರುವ ವಿಮಾನ ಎಡಕ್ಕೆ ಸರಿದರೆ 90ರ ಸ್ವರ ಜೋರಾಗುತ್ತದೆ, ಬಲಕ್ಕೆ ಸರಿದರೆ 150ರದು. ಎರಡೂ ಸಮನಾಗಿದ್ದರೆ ನಡುಗೆರೆಯ ಮೇಲಿದ್ದೀರಿ ಎಂದು ಅರ್ಥ. ಎತ್ತರಕ್ಕೂ ಇದೇ ಲೆಕ್ಕ.

ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಒಂದು ನಾಟಿಕಲ್ ಮೈಲಿ ಮುಂದೆ ಹೋಗುವಷ್ಟರಲ್ಲಿ ಸುಮಾರು 300 ಅಡಿ ಕೆಳಗೆ ಬರುವುದು ಎಂದಿಟ್ಟುಕೊಳ್ಳಿ. ಮೊದಲ ದರ್ಜೆಯ ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿಗೆ ಬಂದಾಗ ರನ್‌ವೇಯೋ ಅದರ ದೀಪಗಳೋ ಕಾಣಲೇಬೇಕು. ಕಾಣದಿದ್ದರೆ ಮತ್ತೆ ಮೇಲಕ್ಕೇರಬೇಕು, ಅದೇ ಗೋ-ಅರೌಂಡ್. ಎರಡನೆಯ ದರ್ಜೆಯಲ್ಲಿ ಈ ಮಿತಿ 100 ಅಡಿ, ಮೂರನೆಯದರಲ್ಲಿ ಇನ್ನೂ ಕಡಿಮೆ.

ಆಟೊಪೈಲಟ್‌ಗೆ 'ಮೋಡ್' ಎಂದು ಏನೋ ಹೇಳುತ್ತಾರೆ, ಅದೇನು?

ಸೈಕಲ್ಲಿನಲ್ಲಿ ಇಳಿಜಾರು ಇಳಿಯುವುದನ್ನು ನೆನಪಿಸಿಕೊಳ್ಳಿ. ಪೆಡಲ್ ತುಳಿಯದೆಯೂ ವೇಗ ಸಿಗುತ್ತದೆ. ಆ ವೇಗ ಕೊಡುವುದು ಇಳಿಜಾರು. ಸಮತಟ್ಟು ರಸ್ತೆಗೆ ಬಂದ ಮೇಲೂ ಪೆಡಲ್ ತುಳಿಯದಿದ್ದರೆ ಸೈಕಲ್ ನಿಧಾನವಾಗುತ್ತಾ ಕೊನೆಗೆ ವಾಲುತ್ತದೆ.

ವಿಮಾನಕ್ಕೂ ವೇಗ ಎರಡು ಕಡೆಯಿಂದ ಬರುತ್ತದೆ. ಒಂದು ಇಂಜಿನ್, ಇನ್ನೊಂದು ಇಳಿಜಾರು. ಇವೆರಡನ್ನು ಯಂತ್ರ ಬಳಸಿಕೊಳ್ಳುವ ಒಂದೊಂದು ಬಗೆಯೇ ಒಂದೊಂದು ಮೋಡ್. ಕೆಲವು ಮೋಡ್‌ಗಳಲ್ಲಿ ಇಂಜಿನ್ ವೇಗವನ್ನು ನೋಡಿಕೊಳ್ಳುತ್ತದೆ, ಮೂಗು ದಾರಿಯನ್ನು ನೋಡಿಕೊಳ್ಳುತ್ತದೆ. ಇನ್ನು ಕೆಲವು ಮೋಡ್‌ಗಳಲ್ಲಿ ಇಂಜಿನ್ ಪೂರ್ತಿ ತಗ್ಗಿ ಸುಮ್ಮನಿರುತ್ತದೆ, ವೇಗ ಉಳಿಸುವ ಹೊಣೆ ತಗ್ಗಿದ ಮೂಗಿನದು. ಎತ್ತರದಿಂದ ಬೇಗ ಕೆಳಗಿಳಿಯಲು ಈ ಎರಡನೆಯ ಬಗೆ ಅನುಕೂಲ. ನೆಲದ ಹತ್ತಿರ ಅದು ಅಪಾಯ, ಏಕೆಂದರೆ ಅಲ್ಲಿ ಪೈಲಟ್ ಮೂಗೆತ್ತಿ ಇಳಿತವನ್ನು ನಿಧಾನ ಮಾಡಲು ನೋಡುತ್ತಾನೆ. ಇಂಜಿನ್ ತುಳಿಯುತ್ತಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಿರಬೇಕು.

ಯಾವ ಮೋಡ್ ನಡೆಯುತ್ತಿದೆ ಎಂದು ಪೈಲಟ್‌ಗೆ ಹೇಗೆ ಗೊತ್ತಾಗುತ್ತದೆ?

ಎದುರಿನ ಪರದೆಯ ನೆತ್ತಿಯಲ್ಲಿ ಒಂದು ಕಿರಿದಾದ ಪಟ್ಟಿ ಇರುತ್ತದೆ. ಇಂಜಿನ್ ಏನು ಮಾಡುತ್ತಿದೆ, ಎತ್ತರವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ದಿಕ್ಕನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು ಸಣ್ಣ ಅಕ್ಷರಗಳಲ್ಲಿ ಅಲ್ಲಿ ಮೂಡುತ್ತದೆ. ಏರ್‌ಬಸ್ ವಿಮಾನಗಳಲ್ಲಿ ಮೋಡ್ ಬದಲಾದರೆ ಹೊಸ ಹೆಸರಿನ ಸುತ್ತ 10 ಸೆಕೆಂಡು ಬಿಳಿ ಚೌಕಟ್ಟು ಕಾಣಿಸಿಕೊಂಡು ಮಾಯವಾಗುತ್ತದೆ. ಗುಂಡಿ ಒತ್ತಿದ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯಬಾರದು. ಒತ್ತಿದ್ದು ನಿಜವಾಗಿ ಏನಾಯಿತು ಎಂಬುದು ಆ ಪಟ್ಟಿಯಲ್ಲಿ ಮಾತ್ರ ಇರುತ್ತದೆ.

## ನಡೆದುಹೋದ ದುರಂತಗಳು

1990ರಲ್ಲಿ ಬೆಂಗಳೂರಿನಲ್ಲಿ ಬಿದ್ದ ವಿಮಾನಕ್ಕೆ ನಿಜವಾಗಿ ಏನಾಗಿತ್ತು? ಕಂಪ್ಯೂಟರ್ ಕೈಕೊಟ್ಟಿತು ಎಂದು ನಮ್ಮ ತಂದೆ ಈಗಲೂ ಹೇಳುತ್ತಾರೆ.

ನಿಮ್ಮ ತಂದೆಯವರ ತಲೆಮಾರಿನ ಬೆಂಗಳೂರಿಗರು ಬಹಳ ಮಂದಿ ಹಾಗೆಯೇ ಹೇಳುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ. ಏರ್‌ಬಸ್ ಎ-320 ಆಗ ಹೊಚ್ಚ ಹೊಸದು, ತಂತಿಯ ಮೂಲಕ ಕಂಪ್ಯೂಟರ್ ನಡೆಸುವ ವಿಮಾನ ಎಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ದುರಂತದ ಬಳಿಕ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನಗಳೆಲ್ಲ ತಿಂಗಳುಗಟ್ಟಲೆ ನೆಲದ ಮೇಲೇ ನಿಂತವು. ಜನರ ಮನಸ್ಸಿನಲ್ಲಿ ಯಂತ್ರವೇ ಅಪರಾಧಿಯಾಯಿತು.

ನಡೆದದ್ದು ಹೀಗೆ. 1990ರ ಫೆಬ್ರವರಿ 14, ನಡುಹಗಲು, ತಿಳಿಯಾದ ಆಕಾಶ. ಮುಂಬೈಯಿಂದ ಬಂದ 605 ಸಂಖ್ಯೆಯ ವಿಮಾನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಲಿತ್ತು. ಒಳಗೆ 146 ಮಂದಿ. ಕಾಕ್‌ಪಿಟ್ಟಿನಲ್ಲಿ ಇಬ್ಬರು ಕ್ಯಾಪ್ಟನ್‌ಗಳು, ಒಬ್ಬರು ಇನ್ನೊಬ್ಬರ ಹಾರಾಟವನ್ನು ಪರೀಕ್ಷಿಸುತ್ತಿದ್ದರು. ರನ್‌ವೇ ಕಣ್ಣಿಗೆ ಕಾಣುತ್ತಿತ್ತು. ಹಾಗಾಗಿ ಇದು ಐಎಲ್‌ಎಸ್ ನಂಬಿ ಇಳಿದ ಇಳಿತವಲ್ಲ. ಆದರೆ ಐಎಲ್‌ಎಸ್ ಇಳಿತಗಳನ್ನು ಕೆಡಿಸುವ ತಪ್ಪಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಹಂತದಲ್ಲಿ ನಿಮಿಷಕ್ಕೆ 700 ಅಡಿ ಇಳಿಯುವುದು ತೀರ ಸಹಜ. 140 ನಾಟ್ (ಗಂಟೆಗೆ 140 ನಾಟಿಕಲ್ ಮೈಲಿ) ವೇಗವನ್ನು ಐದರಿಂದ ಗುಣಿಸಿದರೆ ಬರುವುದು ಅದೇ ಸಂಖ್ಯೆ. ಇಳಿತದ ದರವನ್ನು 700ಕ್ಕೆ ಇಡಬೇಕಾದ ಜಾಗದಲ್ಲಿ ಎತ್ತರದ ಗುಂಡಿಯನ್ನು 700 ಅಡಿಗೆ ತಿರುಗಿಸಿರಬೇಕು ಎಂಬುದು ತನಿಖೆ ಕಂಡುಕೊಂಡ ಅತಿ ಸಂಭವನೀಯ ಕಾರಣ. ಎರಡು ಗುಂಡಿಗಳೂ ಹತ್ತಿರ ಹತ್ತಿರ. ನೆಲಕ್ಕೆ ಬಡಿಯುವುದಕ್ಕೆ ಸುಮಾರು 35 ಸೆಕೆಂಡು ಮೊದಲು ನಡೆದ ಕೈತಪ್ಪು ಅದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಯಂತ್ರಕ್ಕೆ ಕೊಟ್ಟ 700 ಅಡಿಯ ಗುರಿ ನೆಲದಿಂದ ಎರಡು ಸಾವಿರ ಅಡಿಗೂ ಹೆಚ್ಚು ಆಳದಲ್ಲಿತ್ತು. ವಿಮಾನ ಆಜ್ಞೆಯನ್ನು ಪಾಲಿಸಿ, ಮೇಲೆ ಹೇಳಿದ ಎರಡನೆಯ ಬಗೆಯದಾದ ಓಪನ್ ಡಿಸೆಂಟ್ ಮೋಡ್‌ಗೆ ಹೋಯಿತು. ಇಂಜಿನ್‌ಗಳು ಪೂರ್ತಿ ತಗ್ಗಿದವು. ಪೈಲಟ್ ಮೂಗನ್ನು ಎತ್ತಿ ಹಿಡಿಯುತ್ತಾ ಬಂದಂತೆ, ಪೆಡಲ್ ತುಳಿಯದ ಸೈಕಲ್ಲಿನ ಹಾಗೆ, ವೇಗ ಕರಗುತ್ತಾ ಹೋಯಿತು. 132 ನಾಟ್ ಇರಬೇಕಾದ ವೇಗ 106ಕ್ಕೆ ಇಳಿಯಿತು.

ಪಾರಾಗಲು ಒಂದು ದಾರಿ ಇತ್ತು. ಇಬ್ಬರೂ ತಮ್ಮ ತಮ್ಮ ಫ್ಲೈಟ್ ಡೈರೆಕ್ಟರ್ (ಹೇಗೆ ಹಾರಿಸಬೇಕೆಂದು ಪರದೆಯ ಮೇಲೆ ಗೆರೆ ಮೂಡಿಸಿ ತೋರಿಸುವ ಉಪಕರಣ) ನಿಲ್ಲಿಸಿದ್ದರೆ ಇಂಜಿನ್ ತಾನಾಗಿ ವೇಗ ಕಾಯುವ ಮೋಡ್‌ಗೆ ಮರಳುತ್ತಿತ್ತು. ಒಂದು ಆರಿತು, ಇನ್ನೊಂದು ಉರಿಯುತ್ತಲೇ ಉಳಿಯಿತು. ನೆಲದಿಂದ ಎತ್ತರ ಎಷ್ಟೆಂದು ಯಂತ್ರದ ಧ್ವನಿ ಕೂಗಿತು, ನಾನೂರು, ಮುನ್ನೂರು, ಇನ್ನೂರು. ಇಂಜಿನ್ ಬಲ ಹೆಚ್ಚಿಸುವ ಸನ್ನೆಯನ್ನು (ಲಿವರನ್ನು) ಮುಂದಕ್ಕೆ ತಳ್ಳುವಷ್ಟರಲ್ಲಿ ತಡವಾಗಿತ್ತು. ಪೂರ್ತಿ ತಗ್ಗಿದ ಜೆಟ್ ಇಂಜಿನ್ ಪೂರ್ಣ ಬಲಕ್ಕೆ ಏರಲು ಏಳೆಂಟು ಸೆಕೆಂಡು ಬೇಕು. ವಿಮಾನ ರನ್‌ವೇಗೆ ಮೊದಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಹುಲ್ಲುಹಾಸಿಗೆ ಬಡಿಯಿತು, ಪುಟಿಯಿತು, ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. 92 ಜನ ತೀರಿಕೊಂಡರು, 54 ಜನ ಉಳಿದರು.

ತನಿಖಾ ನ್ಯಾಯಾಲಯಕ್ಕೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ಮುಖ್ಯಸ್ಥರಾಗಿದ್ದರು. ವಿಮಾನ ಐಡಲ್ ಮೋಡ್‌ನಲ್ಲಿ, ಅಂದರೆ ಇಂಜಿನ್ ಪೂರ್ತಿ ತಗ್ಗಿದ ಸ್ಥಿತಿಯಲ್ಲಿ, ಇರುವುದು ತಿಳಿದಿದ್ದರೂ ಪರಿಸ್ಥಿತಿಯ ಗಂಭೀರತೆ ಪೈಲಟ್‌ಗಳಿಗೆ ಹೊಳೆಯಲಿಲ್ಲ, ಸನ್ನೆಯನ್ನು ಕೂಡಲೇ ಮುಂದಕ್ಕೆ ತಳ್ಳಲಿಲ್ಲ ಎಂಬುದು ವರದಿಯ ಸಾರ. ಕಂಪ್ಯೂಟರ್ ಕೈಕೊಟ್ಟಿತು ಎಂದರೆ ಸರಿಯಾಗುವುದಿಲ್ಲ. ಆದರೆ ಪೈಲಟ್‌ಗಳದೇ ತಪ್ಪು ಎಂದು ಎದ್ದು ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಅಕ್ಕಪಕ್ಕದ ಗುಂಡಿಗಳು, ಹೊಸ ಯಂತ್ರ, ಪರೀಕ್ಷೆಯ ಒತ್ತಡ, ಒಬ್ಬರ ಪರದೆ ಒಂದು ಮಾತು, ಇನ್ನೊಬ್ಬರ ಪರದೆ ಇನ್ನೊಂದು ಮಾತು ಹೇಳುತ್ತಿದ್ದ ಸ್ಥಿತಿ, ಇವೆಲ್ಲ ಸೇರಿದ ಜಾಗದಲ್ಲಿ ಆ 35 ಸೆಕೆಂಡು ಕಳೆದುಹೋಯಿತು.

ಒಂದೇ ಗುಂಡಿಗೆ ಎರಡು ಅರ್ಥವಿದ್ದು ವಿಮಾನ ಬೆಟ್ಟಕ್ಕೆ ಬಡಿಯಿತಂತೆ. ಅದು ಎಲ್ಲಿ?

ಫ್ರಾನ್ಸಿನಲ್ಲಿ. 1992ರ ಜನವರಿ 20ರ ಸಂಜೆ, ಏರ್ ಇಂಟರ್ ಸಂಸ್ಥೆಯ ಎ-320 ಸ್ಟ್ರಾಸ್‌ಬರ್ಗ್‌ನಲ್ಲಿ ಇಳಿಯುತ್ತಿತ್ತು. ಸಿಬ್ಬಂದಿ ಮೊದಲು ಹಾಕಿಕೊಂಡಿದ್ದ ಯೋಜನೆ ಬದಲಾಗಿ, ಗ್ಲೈಡ್‌ಸ್ಲೋಪ್ ಇಲ್ಲದ ಇನ್ನೊಂದು ದಿಕ್ಕಿನ ಇಳಿತಕ್ಕೆ ಅವಸರದಲ್ಲಿ ಸಿದ್ಧರಾಗಬೇಕಾಯಿತು. ಇಳಿಜಾರನ್ನು ಪೈಲಟ್‌ಗಳೇ ಯಂತ್ರಕ್ಕೆ ಹೇಳಬೇಕು. ಆ ಗುಂಡಿ ಒಂದು ಮೋಡ್‌ನಲ್ಲಿ ಕೋನವನ್ನು ತೋರಿಸುತ್ತದೆ, ಇನ್ನೊಂದರಲ್ಲಿ ನಿಮಿಷಕ್ಕೆ ಎಷ್ಟು ಅಡಿ ಎಂಬುದನ್ನು. ಬೇಕಾಗಿದ್ದದ್ದು 3.3 ಡಿಗ್ರಿ. ಗುಂಡಿಯ ಅಂಕಿ ತೋರಿಸುವ ಪುಟ್ಟ ಕಿಟಕಿಯಲ್ಲಿ ಮೂಡಿದ 33 ಎಂಬ ಅಂಕಿಯ ಅರ್ಥ ನಿಮಿಷಕ್ಕೆ 3,300 ಅಡಿ.

ಪೈಲಟ್‌ಗಳು ಉಳಿಯಲಿಲ್ಲವಾದ್ದರಿಂದ ತನಿಖೆ ಇದನ್ನು ಅತಿ ಸಂಭವನೀಯ ಕಾರಣವೆಂದು ಮಾತ್ರ ಹೇಳಿತು. ಮೋಡ ಮುಸುಕಿದ್ದ ಸೇಂಟ್ ಒಡಿಲ್ ಬೆಟ್ಟದ ಕಾಡಿಗೆ ವಿಮಾನ ಬಡಿದು 87 ಜನ ಸತ್ತರು, 9 ಜನ ಬದುಕಿದರು. ನೆಲ ಹತ್ತಿರವಾಗುತ್ತಿದೆ ಎಂದು ಎಚ್ಚರಿಸುವ ಉಪಕರಣವನ್ನು ಆ ವಿಮಾನದಲ್ಲಿ ಅಳವಡಿಸಿರಲಿಲ್ಲ. ಆಮೇಲೆ ಏರ್‌ಬಸ್ ಆ ಕಿಟಕಿಯನ್ನೇ ಬದಲಿಸಿತು. ಇಳಿತದ ದರವನ್ನು ನಾಲ್ಕೂ ಅಂಕಿಗಳಲ್ಲಿ ತೋರಿಸುವಂತೆ ಮಾಡಿತು. 3300 ಎಂದು ಬರೆದಿದ್ದರೆ ಯಾವ ಪೈಲಟ್ಟೂ ಅದನ್ನು 3.3 ಎಂದು ಓದುವುದಿಲ್ಲ.

ಪೈಲಟ್ ಒಂದು ಕಡೆ, ಆಟೊಪೈಲಟ್ ಇನ್ನೊಂದು ಕಡೆ ಎಳೆದಾಡುವುದು ಸಾಧ್ಯವೇ?

ಸಾಧ್ಯವಾಯಿತು. 1994ರ ಏಪ್ರಿಲ್ 26ರ ರಾತ್ರಿ, ಜಪಾನಿನ ನಗೋಯಾ. ಚೈನಾ ಏರ್‌ಲೈನ್ಸ್‌ನ ಎ-300 ಐಎಲ್‌ಎಸ್ ಹಿಡಿದು ಸರಿಯಾಗಿಯೇ ಇಳಿಯುತ್ತಿತ್ತು. ಸುಮಾರು 1,000 ಅಡಿಯಲ್ಲಿ, ಹಾರಿಸುತ್ತಿದ್ದ ಸಹಪೈಲಟ್‌ನ ಕೈ ಗೋ-ಅರೌಂಡ್ ಸನ್ನೆಗೆ ತಾಗಿತು. ಬಳಿಕ ಆಟೊಪೈಲಟ್ ಹಚ್ಚಿದರು. ಅದು ಮೇಲಕ್ಕೇರಲು ಮೂಗೆತ್ತಿತು. ಸಹಪೈಲಟ್ ಇಳಿಯಬೇಕೆಂದು ವಿಮಾನ ನಡೆಸುವ ಕೋಲನ್ನು ಮುಂದಕ್ಕೆ ತಳ್ಳುತ್ತಲೇ ಇದ್ದ. ಅವನು ತಳ್ಳಿದಷ್ಟೂ ಆಟೊಪೈಲಟ್ ಬಾಲದ ದೊಡ್ಡ ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಹೋಯಿತು.

ಆ ತಿರುವು ಮೈನಸ್ 5.3 ಡಿಗ್ರಿಯಿಂದ ಮೈನಸ್ 12.3ಕ್ಕೆ ಹೋಯಿತು. ಆಟೊಪೈಲಟ್ ಕಳಚಿದ ಮೇಲೂ ಬಾಲ ಅದೇ ಸ್ಥಿತಿಯಲ್ಲಿ ಉಳಿಯಿತು. ವೇಗ ಕುಸಿದಾಗ ರಕ್ಷಣಾ ವ್ಯವಸ್ಥೆ ಇಂಜಿನ್‌ಗೆ ಪೂರ್ಣ ಬಲ ಕೊಟ್ಟಿತು, ಅದರಿಂದ ಮೂಗು ಇನ್ನಷ್ಟು ಮೇಲೆದ್ದಿತು. ವಿಮಾನ 50 ಡಿಗ್ರಿಗೂ ಹೆಚ್ಚು ನೆಟ್ಟಗೆ ನಿಂತು ಬಿತ್ತು. ಒಳಗಿದ್ದ 271 ಜನರಲ್ಲಿ 264 ಮಂದಿ ಸತ್ತರು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಬೇರೆ ವಿಷಯ. ಇದೇ ಬಗೆಯ ಎಳೆದಾಟ 1985ರಲ್ಲಿ, 1989ರಲ್ಲಿ ಹೆಲ್ಸಿಂಕಿಯಲ್ಲಿ, 1991ರಲ್ಲಿ ಮಾಸ್ಕೋದಲ್ಲಿ ನಡೆದಿತ್ತು. ಆಗ ಯಾರೂ ಸಾಯಲಿಲ್ಲ. ಪೈಲಟ್ ಬಲವಾಗಿ ತಳ್ಳಿದರೆ ಆಟೊಪೈಲಟ್ ಬಿಟ್ಟುಕೊಡುವಂತೆ ಮಾಡುವ ಬದಲಾವಣೆಯನ್ನು ತಯಾರಕರು ಸೂಚಿಸಿದ್ದರು. ನಗೋಯಾದ ವಿಮಾನಕ್ಕೆ ಅದನ್ನು ಇನ್ನೂ ಮಾಡಿರಲಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂವರು ಪೈಲಟ್‌ಗಳಿದ್ದರೂ ವೇಗ ಬಿದ್ದದ್ದನ್ನು ಯಾರೂ ನೋಡಲಿಲ್ಲವಂತೆ. ನಂಬಲಾಗುತ್ತಿಲ್ಲ.

2009ರ ಫೆಬ್ರವರಿ 25ರಂದು ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737 ಐಎಲ್‌ಎಸ್ ಮೂಲಕ ಇಳಿಯುತ್ತಿತ್ತು. ನೆಲದಿಂದ ಎತ್ತರ ಅಳೆಯುವ ಎಡಬದಿಯ ರೇಡಿಯೊ ಆಲ್ಟಿಮೀಟರ್ ಆಕಾಶದಲ್ಲಿರುವಾಗಲೇ ಮೈನಸ್ 8 ಅಡಿ ಎಂದು ತೋರಿಸಿತು. ಇಂಜಿನ್ ಬಲವನ್ನು ತಾನಾಗಿ ನೋಡಿಕೊಳ್ಳುವ ಆಟೊಥ್ರಾಟಲ್ ಅದನ್ನು ನಂಬಿ, ಇನ್ನೇನು ಚಕ್ರ ನೆಲ ಮುಟ್ಟುತ್ತದೆ ಎಂದು ಇಂಜಿನ್ ತಗ್ಗಿಸಿತು. ಬಲಬದಿಯ ಮೀಟರ್ ಸರಿಯಾಗಿತ್ತು, ಆಟೊಪೈಲಟ್ ಅದನ್ನು ನೋಡಿ ಗ್ಲೈಡ್‌ಸ್ಲೋಪ್ ಹಿಡಿದೇ ಇತ್ತು.

ಯಾರೂ ನೋಡದಿದ್ದುದಕ್ಕೆ ಕಾರಣವಿದೆ. ವಿಮಾನವನ್ನು ರನ್‌ವೇಗೆ ಹತ್ತಿರವಾಗಿ ತಿರುಗಿಸಿದ್ದರಿಂದ ಗ್ಲೈಡ್‌ಸ್ಲೋಪ್ ಅನ್ನು ಮೇಲಿನಿಂದ ಹಿಡಿಯಬೇಕಾಯಿತು. ಹಾಗೆ ಹಿಡಿಯುವಾಗ ಇಂಜಿನ್ ತಗ್ಗಿರುವುದೇ ಸಹಜ. ತಪ್ಪು ಸಹಜದ ವೇಷ ಹಾಕಿಕೊಂಡು ಬಂದಿತ್ತು. ಹಾರಿಸುತ್ತಿದ್ದ ಸಹಪೈಲಟ್ ತರಬೇತಿಯಲ್ಲಿದ್ದ, ಕ್ಯಾಪ್ಟನ್ ಪಾಠ ಹೇಳುತ್ತಿದ್ದ, ಮೂರನೆಯವನು ಅವರಿಬ್ಬರ ಮೇಲೆ ಕಣ್ಣಿಡಲೆಂದೇ ಕುಳಿತಿದ್ದ. ಮೂವರೂ ಇಳಿಯುವ ಮುಂಚಿನ ತಪಾಸಣಾ ಪಟ್ಟಿ ಓದಿ ಮುಗಿಸುವ ಗಡಿಬಿಡಿಯಲ್ಲಿದ್ದರು. 460 ಅಡಿಯಲ್ಲಿ, ವೇಗ ತೀರ ಬಿದ್ದಿದೆ ಎಂದು ಕೋಲು ನಡುಗಿ ಎಚ್ಚರಿಸಿತು. ಸಹಪೈಲಟ್ ತಳ್ಳಿದ ಸನ್ನೆಯನ್ನು ಆಟೊಥ್ರಾಟಲ್ ಮತ್ತೆ ಹಿಂದಕ್ಕೆಳೆಯಿತು. ವಿಮಾನ ಹೊಲಕ್ಕೆ ಬಿದ್ದು 9 ಜನ ಸತ್ತರು, ಮೂವರು ಪೈಲಟ್‌ಗಳೂ ಅವರಲ್ಲಿ ಸೇರಿದ್ದರು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಿಸಿಲಿತ್ತು, ಗಾಳಿ ಇರಲಿಲ್ಲ. ಅಲ್ಲಿ ಐಎಲ್‌ಎಸ್ ಕೆಟ್ಟಿದ್ದೇ ಕಾರಣವೇ?

ಗ್ಲೈಡ್‌ಸ್ಲೋಪ್ ಅಂದು ಸೇವೆಯಲ್ಲಿರಲಿಲ್ಲ, ಆದರೆ ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಅದೇ ದಿನ ಉಳಿದ ವಿಮಾನಗಳು ಕಣ್ಣಳತೆಯಲ್ಲಿ ಇಳಿದವು. 2013ರ ಜುಲೈ 6ರಂದು ಏಷಿಯಾನಾದ ಬೋಯಿಂಗ್ 777 ಎತ್ತರದಲ್ಲಿ ಬರುತ್ತಿತ್ತು. ಬೇಗ ಇಳಿಯಲು ಪೈಲಟ್ ಒಂದು ಮೋಡ್ ಒತ್ತಿದ. ಆ ಮೋಡ್ ವಿಮಾನವನ್ನು ಮೇಲಕ್ಕೊಯ್ಯಲು ಹೊರಟಿತು, ಏಕೆಂದರೆ ಗೋ-ಅರೌಂಡ್‌ಗೆಂದು ಇಟ್ಟ ಎತ್ತರ ಮೇಲಿತ್ತು. ಅವನು ಆಟೊಪೈಲಟ್ ಕಳಚಿ ಇಂಜಿನ್ ಸನ್ನೆಯನ್ನು ಕೈಯಿಂದ ಹಿಂದಕ್ಕೆಳೆದ. ಆಗ ಆಟೊಥ್ರಾಟಲ್ 'ಹೋಲ್ಡ್' ಸ್ಥಿತಿಗೆ ಹೋಗಿ ಕೈಕಟ್ಟಿ ಕೂತಿತು. ವೇಗವನ್ನು ಅದು ನೋಡಿಕೊಳ್ಳುತ್ತಿದೆ ಎಂದು ಅವನು ನಂಬಿದ್ದ. 137 ಇರಬೇಕಾದ ವೇಗ 103 ನಾಟ್‌ಗೆ ಬಂತು, ಬಾಲ ಸಮುದ್ರದಂಚಿನ ಗೋಡೆಗೆ ಬಡಿಯಿತು. 307 ಜನರಲ್ಲಿ ಮೂವರು ಸತ್ತರು.

ಮಂಗಳೂರಿನ 2010ರ ದುರಂತವೂ ಇದೇ ಬಗೆಯದೇ?

ಅಲ್ಲ. 2010ರ ಮೇ 22ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ಐಎಲ್‌ಎಸ್ ಇತ್ತು, ಯಂತ್ರವೂ ಸರಿಯಿತ್ತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಹಿಂದಿರುಗಿ ಏರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿತವನ್ನು ಬಿಡಲಿಲ್ಲ. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. 158 ಜನ ತೀರಿಕೊಂಡರು. ಇದನ್ನು ಆಟೊಮೇಷನ್ ಲೆಕ್ಕಕ್ಕೆ ಸೇರಿಸಿದರೆ ಅದರ ನಿಜವಾದ ಪಾಠ ಮರೆಯಾಗುತ್ತದೆ.

## ಒಳಗಿನ ಕಾರಣಗಳು

ಇಷ್ಟು ತರಬೇತಿ ಪಡೆದವರಿಗೆ ಕಣ್ಣೆದುರಿನ ವೇಗದ ಅಂಕಿ ಕಾಣದಿರುವುದು ಹೇಗೆ?

ಒಮ್ಮೆ ಸಿಮ್ಯುಲೇಟರಿನಲ್ಲಿ ಒಬ್ಬ ತರುಣ ಎ-320 ಇಳಿಸುತ್ತಿದ್ದ. ಬುದ್ಧಿವಂತ, ಕೈ ಬಹಳ ಮೃದು. ಮೋಡದಿಂದ ಹೊರಬಂದೊಡನೆ ಆಟೊಪೈಲಟ್ ಕಳಚಿ ಕಣ್ಣನ್ನು ರನ್‌ವೇ ದೀಪಗಳಿಗೆ ನೆಟ್ಟ. ಅದಕ್ಕೆ ಸ್ವಲ್ಪ ಮೊದಲು ಗಡಿಬಿಡಿಯಲ್ಲಿ ಓಪನ್ ಡಿಸೆಂಟ್ ಆಯ್ದುಕೊಂಡಿದ್ದ. ಎಡಗೈ ಕೋಲಿನ ಮೇಲೆ, ಬಲಗೈ ಇಂಜಿನ್ ಸನ್ನೆಯ ಮೇಲೆ. ಆ ಸನ್ನೆ ಕದಲಲಿಲ್ಲ, ಅವನ ಕೈಯೂ ಕದಲಲಿಲ್ಲ. ವೇಗ ಒಂದೊಂದೇ ನಾಟ್ ಜಾರುತ್ತಿತ್ತು. ಮುನ್ನೂರು ಅಡಿಯಲ್ಲಿ ನಾನು ಯಂತ್ರವನ್ನು ತಡೆದು ನಿಲ್ಲಿಸಿದೆ. ದೀಪಗಳು ಗಾಜಿನಲ್ಲಿ ಹಾಗೆಯೇ ಹೆಪ್ಪುಗಟ್ಟಿದವು.

"ಪರದೆಯ ಮೇಲ್ತುದಿಯಲ್ಲಿ ಎಡಗಡೆ ಏನು ಬರೆದಿದೆ, ಓದಿ" ಎಂದೆ.

"ಥ್ರಸ್ಟ್ ಐಡಲ್, ಸರ್" ಎಂದು ಓದಿದ. ಓದಿದ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಾ ಕುಳಿತ.

ಅವನಿಗೆ ಕಣ್ಣು ಕಾಣದೆ ಆದದ್ದಲ್ಲ. ನೂರು ಬಾರಿ ಯಂತ್ರ ವೇಗ ಕಾಯ್ದಿತ್ತು, ನೂರ ಒಂದನೆಯ ಬಾರಿಯೂ ಕಾಯುತ್ತದೆಂದು ಮನಸ್ಸು ಆ ಅಂಕಿಯನ್ನು ನೋಡುವ ಕೆಲಸವನ್ನೇ ಕೈಬಿಟ್ಟಿತ್ತು. ಎಂದೂ ಕೆಡದ ಯಂತ್ರವನ್ನು ಕಾವಲು ಕಾಯುವುದು ಮನುಷ್ಯರಿಗೆ ಕಷ್ಟದ ಕೆಲಸ. ದಿನಾ ಕೈಯಾರೆ ಹಾರಿಸುವವನ ಕಣ್ಣು ಮಾತ್ರ ತಾನಾಗಿ ವೇಗದ ಕಡೆ ಹೋಗುತ್ತದೆ, ಏಕೆಂದರೆ ಅವನಿಗೆ ಆ ಅಂಕಿ ಬೇಕೇ ಬೇಕು.

ಬೆಂಗಳೂರು, ಆಮ್‌ಸ್ಟರ್‌ಡ್ಯಾಮ್, ಸ್ಯಾನ್ ಫ್ರಾನ್ಸಿಸ್ಕೊ ಮೂರೂ ಪರೀಕ್ಷೆ ಅಥವಾ ತರಬೇತಿಯ ಹಾರಾಟಗಳು ಎಂಬುದನ್ನೂ ಗಮನಿಸಿ. ಗುರು ನೋಡುತ್ತಿದ್ದಾರೆಂದು ಶಿಷ್ಯ, ಶಿಷ್ಯ ಹಾರಿಸುತ್ತಿದ್ದಾನೆಂದು ಗುರು. ಪಾಠ ಹೇಳುವವರಿಗೆ ಇದು ನೆಮ್ಮದಿ ಕೊಡುವ ಸಂಗತಿಯಲ್ಲ. ಇದನ್ನು ತಿಳಿದ ಮೇಲೆ ನಾನು ಪಾಠ ಹೇಳುವ ಹೊತ್ತನ್ನೇ ಬದಲಿಸಿಕೊಂಡೆ. ಸಾವಿರ ಅಡಿಯ ಕೆಳಗೆ ಬೋಧನೆ ನಿಲ್ಲಿಸಿ ಬರೀ ಕಾವಲುಗಾರನಾಗುತ್ತಿದ್ದೆ.

ಏರ್‌ಬಸ್‌ನಲ್ಲಿ ಇಂಜಿನ್ ಸನ್ನೆ ತಾನಾಗಿ ಚಲಿಸುವುದಿಲ್ಲವಂತೆ. ಬೋಯಿಂಗ್‌ನಲ್ಲಿ ಚಲಿಸುತ್ತದೆ. ಅದೇ ಸುರಕ್ಷಿತವಲ್ಲವೇ?

ಸನ್ನೆ ಚಲಿಸಿದರೆ ಕೈಗೆ ಸುದ್ದಿ ಸಿಗುತ್ತದೆ ಎಂಬುದು ಒಳ್ಳೆಯ ವಾದ, ನನಗೂ ಇಷ್ಟವಾದ ವಾದ. ಆದರೆ ಆಮ್‌ಸ್ಟರ್‌ಡ್ಯಾಮ್, ಸ್ಯಾನ್ ಫ್ರಾನ್ಸಿಸ್ಕೊ ಎರಡೂ ಬೋಯಿಂಗ್‌ಗಳೇ. ಸನ್ನೆ ಹಿಂದಕ್ಕೆ ಬಂದು ಕುಳಿತಿದ್ದರೂ ಯಾರ ಮನಸ್ಸಿಗೂ ಅದು ತಟ್ಟಲಿಲ್ಲ. 2007ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್ ಬಳಿ ಇನ್ನೊಂದು 737 ಇಳಿಯುವಾಗ ಆಟೊಥ್ರಾಟಲ್ ಕಳಚಿಹೋಗಿ, ಸನ್ನೆ ಐಡಲ್‌ನಲ್ಲೇ ನಿಂತು, ವೇಗ 82 ನಾಟ್‌ಗೆ ಇಳಿದಿತ್ತು. ಪುಣ್ಯಕ್ಕೆ ಪೈಲಟ್‌ಗಳು ಅದನ್ನು ಉಳಿಸಿಕೊಂಡರು. ಕಂಪನಿ ಯಾವುದಾದರೂ ವೇಗವನ್ನು ಕಣ್ಣಿನಿಂದಲೇ ಓದಬೇಕು.

ಸುಳ್ಳು ಗ್ಲೈಡ್‌ಸ್ಲೋಪ್ ಎಂದರೇನು?

ಗ್ಲೈಡ್‌ಸ್ಲೋಪ್ ಪ್ರಸಾರಕದ ಅಲೆಗಳು ನೆಲಕ್ಕೆ ತಾಗಿ ಮರಳುವುದರಿಂದ 3 ಡಿಗ್ರಿಯ ನಿಜವಾದ ಇಳಿಜಾರಿನ ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಇಲ್ಲದ ಇಳಿಜಾರೊಂದು ಇದ್ದಂತೆ ಕಾಕ್‌ಪಿಟ್ಟಿನ ಮೀಟರಿನ ಸೂಜಿಗೆ ಕಾಣುತ್ತದೆ. ತೀರ ಎತ್ತರದಿಂದ ಬರುವ ವಿಮಾನದ ಆಟೊಪೈಲಟ್ ಅದನ್ನೇ ಹಿಡಿದುಬಿಡಬಹುದು. ಸಂಕೇತ ತಲೆಕೆಳಗಾಗುವ ಜಾಗವೂ ಅಲ್ಲೇ ಇರುವುದರಿಂದ ವಿಮಾನ ಇದ್ದಕ್ಕಿದ್ದಂತೆ ಮೂಗೆತ್ತಬಹುದು. 2012ರ ಮಾರ್ಚ್ 13ರಂದು ಪ್ಯಾರಿಸ್‌ನಲ್ಲಿ ಏರ್ ಫ್ರಾನ್ಸ್‌ನ ಎ-340 ಹೀಗೆ 26 ಡಿಗ್ರಿ ಮೂಗೆತ್ತಿತು. ಮರುವರ್ಷ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬೋಯಿಂಗ್ 737 ಒಂದಕ್ಕೂ ಇದೇ ಆಯಿತು. ಎರಡರಲ್ಲೂ ಪೈಲಟ್‌ಗಳು ಸಾವರಿಸಿಕೊಂಡರು.

ಕಾಪಾಡುವುದು ಬಾಯಿಲೆಕ್ಕ. ರನ್‌ವೇಗೆ 5 ನಾಟಿಕಲ್ ಮೈಲಿ ಇದ್ದರೆ ಎತ್ತರ ಸುಮಾರು 1,500 ಅಡಿ ಇರಬೇಕು. 3,000 ಇದ್ದು ಸೂಜಿ ನಡುವೆ ನಿಂತಿದ್ದರೆ ಆ ಸೂಜಿಯನ್ನು ನಂಬಬಾರದು.

ಗೋ-ಅರೌಂಡ್ ಗುಂಡಿ ಒತ್ತಿದರೂ ಇಂಜಿನ್ ಏರದೆ ಹೋಗುತ್ತದೆಯೇ?

2016ರ ಆಗಸ್ಟ್ 3ರಂದು ದುಬೈಯಲ್ಲಿ ಹಾಗಾಯಿತು. ತಿರುವನಂತಪುರದಿಂದ ಹೋದ ಎಮಿರೇಟ್ಸ್ 777ರಲ್ಲಿ 300 ಜನ. ಚಕ್ರ ನೆಲ ಮುಟ್ಟಿದ ಮೇಲೆ ಪೈಲಟ್ ಮತ್ತೆ ಏರಲು ನಿರ್ಧರಿಸಿ ಗುಂಡಿ ಒತ್ತಿದ. ಚಕ್ರ ನೆಲ ಮುಟ್ಟಿದರೆ ಆ ಗುಂಡಿ ಕೆಲಸ ಮಾಡದಂತೆ ವಿನ್ಯಾಸ ಮಾಡಲಾಗಿದೆ. ಇಂಜಿನ್ ಐಡಲ್‌ನಲ್ಲೇ ಉಳಿಯಿತು, ವಿಮಾನ ಸುಮಾರು 85 ಅಡಿ ಎದ್ದು ಮತ್ತೆ ಬಿತ್ತು. ಸನ್ನೆಯನ್ನು ಕೈಯಿಂದ ತಳ್ಳಿದ್ದು ಬೀಳುವುದಕ್ಕೆ ಮೂರೇ ಸೆಕೆಂಡು ಮೊದಲು. ಒಳಗಿದ್ದವರೆಲ್ಲ ಪಾರಾದರು. ಬೆಂಕಿ ಆರಿಸಲು ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕೊಟ್ಟರು.

ಹಾಗಾದರೆ ಆಟೊಮೇಷನ್ ಕಡಿಮೆ ಮಾಡಿದರೆ ಒಳ್ಳೆಯದಲ್ಲವೇ?

ಒಪ್ಪುವುದಿಲ್ಲ. ಮಂಜಿನಲ್ಲಿ, ದಣಿದ ರಾತ್ರಿಯಲ್ಲಿ, ದಟ್ಟಣೆಯ ಆಕಾಶದಲ್ಲಿ ಅದು ಉಳಿಸಿದ ಜೀವಗಳು ಸುದ್ದಿಯಾಗುವುದಿಲ್ಲ. ಬೇಕಾದದ್ದು ಕೈಯ ರೂಢಿ ಬಿಡದಿರುವುದು. ಅಮೆರಿಕದ ವಿಮಾನಯಾನ ಆಡಳಿತ 2013ರ ಜನವರಿಯಲ್ಲೇ, ಅನುಕೂಲವಾದಾಗ ಕೈಯಾರೆ ಹಾರಿಸಲು ಪೈಲಟ್‌ಗಳನ್ನು ಉತ್ತೇಜಿಸಿ ಎಂದು ಕಂಪನಿಗಳಿಗೆ ಸೂಚಿಸಿತ್ತು. ತಿಳಿಯಾದ ದಿನ, ಪರಿಚಿತ ರನ್‌ವೇ, ಇಬ್ಬರೂ ಎಚ್ಚರ, ಇಂಥ ದಿನಗಳಲ್ಲಿ ಆಟೊಪೈಲಟ್, ಆಟೊಥ್ರಾಟಲ್ ಎಲ್ಲವನ್ನೂ ಕಳಚಿ ಕೈಯಾರೆ ಹಾರಿಸಬೇಕು.

ನನ್ನ ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ. ಮೊದಲಿನಿಂದಲೇ ಏನನ್ನು ರೂಢಿಸಿಕೊಳ್ಳಬೇಕು?

ಬಾಯಿಬಿಟ್ಟು ಓದುವುದನ್ನು. ಗುಂಡಿ ಮುಟ್ಟುವ ಮೊದಲು ಯಾವ ಗುಂಡಿ ಎಂದು ಹೆಸರಿಡಿದು ಹೇಳಲಿ, ತಿರುಗಿಸಿದ ಮೇಲೆ ಪಟ್ಟಿಯಲ್ಲಿ ಮೂಡಿದ್ದನ್ನು ಗಟ್ಟಿಯಾಗಿ ಓದಲಿ. ಪಕ್ಕದವರು ಕೇಳಿ ಒಪ್ಪಲಿ. ಮೊದಮೊದಲು ನಾಚಿಕೆಯಾಗುತ್ತದೆ, ಒಂದು ತಿಂಗಳಲ್ಲಿ ನಾಲಿಗೆಗೆ ಕೂರುತ್ತದೆ.

ಎರಡನೆಯದು, ಯಂತ್ರ ಏಕೆ ಹೀಗೆ ಮಾಡುತ್ತಿದೆ ಎಂದು ಅರ್ಥವಾಗದಿದ್ದರೆ ಅದರ ಜೊತೆ ವಾದಕ್ಕೆ ಇಳಿಯಬಾರದು. ಒಂದು ಮೆಟ್ಟಿಲು ಕೆಳಗಿಳಿಯಬೇಕು. ಕಳಚಿ, ಕೈಯಿಂದ ಹಾರಿಸಿ, ವಿಮಾನ ನೆಟ್ಟಗಾದ ಮೇಲೆ ಕಾರಣ ಹುಡುಕಬೇಕು. ನಗೋಯಾದಲ್ಲಿ ಆಟೊಪೈಲಟ್ಟನ್ನು ಮೊದಲೇ ಕಳಚಿದ್ದರೆ ಬಾಲ ಅಷ್ಟು ದೂರ ತಿರುಗುತ್ತಿರಲಿಲ್ಲ. ಮೂರನೆಯದು ಇಂಜಿನ್ ಸನ್ನೆಯ ಮೇಲೆ ಕೈ. ಗೋ-ಅರೌಂಡ್‌ನಲ್ಲಿ ಗುಂಡಿಯನ್ನು ಒತ್ತುವ ಕೈಯೇ ಸನ್ನೆಯನ್ನು ಕೊನೆಯವರೆಗೆ ತಳ್ಳಬೇಕು, ಕಣ್ಣು ಇಂಜಿನ್ ಮೀಟರ್ ಏರಿದ್ದನ್ನು ನೋಡಬೇಕು.

ಯಾವ ಹಂತದಲ್ಲಿ ಇಳಿತವನ್ನು ಕೈಬಿಡಬೇಕೆಂದು ನಿಯಮವಿದೆಯೇ?

ಇದೆ. ಸ್ಥಿರ ಇಳಿತ ಎನ್ನುತ್ತಾರೆ. ಮೋಡ ಇದ್ದರೆ ನೆಲದಿಂದ 1,000 ಅಡಿ, ತಿಳಿಯಾಗಿದ್ದರೆ 500 ಅಡಿ ಎಂಬುದು ಜಗತ್ತಿನಲ್ಲಿ ಸಾಮಾನ್ಯವಾಗಿ ಒಪ್ಪಿದ ಗೆರೆ. ಅಲ್ಲಿಗೆ ಬರುವಷ್ಟರಲ್ಲಿ ಚಕ್ರ, ರೆಕ್ಕೆಪಟ್ಟಿ ಎಲ್ಲ ಇಳಿದಿರಬೇಕು, ವೇಗ ಮಿತಿಯೊಳಗಿರಬೇಕು, ನಿಮಿಷಕ್ಕೆ 1,000 ಅಡಿಗಿಂತ ಬೇಗ ಇಳಿಯುತ್ತಿರಬಾರದು, ಇಂಜಿನ್ ಐಡಲ್‌ಗಿಂತ ಮೇಲಿದ್ದು ತಕ್ಕ ಬಲ ಕೊಡುತ್ತಿರಬೇಕು. ಒಂದು ತಪ್ಪಿದರೂ ಏರಬೇಕು. ಈ ಕೊನೆಯ ಅಂಶವನ್ನು ಶಿಷ್ಯರಿಗೆ ನಾನು ಎರಡೆರಡು ಬಾರಿ ಹೇಳುತ್ತಿದ್ದೆ. ಬೆಂಗಳೂರು, ಆಮ್‌ಸ್ಟರ್‌ಡ್ಯಾಮ್, ಸ್ಯಾನ್ ಫ್ರಾನ್ಸಿಸ್ಕೊ ಮೂರರಲ್ಲೂ ಇಂಜಿನ್ ಐಡಲ್‌ನಲ್ಲಿತ್ತು.

ಕಳೆದ ಸಲ ಇನ್ನೇನು ಇಳಿಯಿತು ಎನ್ನುವಾಗ ವಿಮಾನ ಗರ್ಜಿಸಿ ಮೇಲೆದ್ದಿತು. ನಮ್ಮ ಅಮ್ಮ ಹೆದರಿ ಕೈ ಹಿಡಿದುಕೊಂಡರು. ಪೈಲಟ್ ಏನಾದರೂ ತಪ್ಪು ಮಾಡಿದ್ದರೇ?

ರನ್‌ವೇ ಮೇಲೆ ಇನ್ನೊಂದು ವಿಮಾನ ಇದ್ದಿರಬಹುದು, ಗಾಳಿ ತಿರುಗಿರಬಹುದು, ಅಥವಾ ಮೇಲೆ ಹೇಳಿದ ಗೆರೆಯಲ್ಲಿ ಒಂದು ಅಂಶ ತಪ್ಪಿ ಪೈಲಟ್ ಇಳಿತವನ್ನು ಬಿಟ್ಟಿರಬಹುದು. ನೀವು ಕೇಳಿದ ಗರ್ಜನೆ ಎರಡೂ ಇಂಜಿನ್ ಪೂರ್ಣ ಬಲಕ್ಕೆ ಏರಿದ ಸದ್ದು. ಮುಂದಿನ ಬಾರಿ ಹಾಗಾದರೆ ಅಮ್ಮನಿಗೆ ಹೇಳಿ, ಪೈಲಟ್‌ಗಳು ಇನ್ನೊಂದು ಸುತ್ತು ಹೊಡೆದು ಬರಲು ಹೊರಟಿದ್ದಾರೆ, ಸಾಮಾನ್ಯವಾಗಿ ಹದಿನೈದು ನಿಮಿಷ ತಡವಾಗುತ್ತದೆ ಎಂದು.